ಮಿರಗದಿಂದ ರಾಶಿಯವರೆಗೆ: ತೊಗರಿ ವಿಡಿಯೋಗಳ ಪ್ಲೇಲಿಸ್ಟ್ ಮಾಡಿದ ನನ್ನ ಅನುಭವ

ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಗ್ರಾಮ ಪಂಚಾಯತಿ ಅರಿವು ಕೇಂದ್ರ, ಅಂದರೆ ಊರಿನ ಗ್ರಂಥಾಲಯ, ನೋಡಿಕೊಳ್ಳುತ್ತೇನೆ. ನಮ್ಮ ಮನೆಯದೂ ಎರಿ (ಕಪ್ಪು ಮಣ್ಣಿನ) ಹೊಲ, ತೊಗರಿಯೇ ಬೆಳೆ. ಊರಲ್ಲಿ ಹೆಚ್ಚುಕಮ್ಮಿ ಎಲ್ಲರದ್ದೂ ಅದೇ. ಹಾಗಾಗಿ ಕೇಂದ್ರಕ್ಕೆ ಬಂದವರು ಪೇಪರ್ ಓದಿ ಮುಗಿಸಿದ ಮೇಲೆ ಕೇಳುವುದು ಒಂದೇ ಮಾತು: "ತಂಗಿ, ಯೂಟ್ಯೂಬ್‌ದಾಗ ನೆಟೆ ರೋಗದ್ದು ಏನರ ಅದ ಏನು ನೋಡು." ನೆಟೆ ಅಂದರೆ ನಿಂತ ಗಿಡವೇ ಒಣಗಿಹೋಗುವ ರೋಗ.

ವಿಡಿಯೋಗಳಿಗೇನೂ ಕೊರತೆ ಇಲ್ಲ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮಾತಾಡಿದ್ದಿವೆ, ಕೃಷಿ ವಿಜ್ಞಾನ ಕೇಂದ್ರಗಳ ತರಬೇತಿಯದ್ದಿವೆ, ರೈತರೇ ಹೊಲದಲ್ಲಿ ನಿಂತು ಹೇಳಿದ್ದಿವೆ. ಔಷಧಿ ಮಾರುವವರದ್ದೂ ಬೇಕಾದಷ್ಟಿವೆ. ತೊಂದರೆ ಇರುವುದು ಅವು ಬರುವ ಹೊತ್ತಿನಲ್ಲಿ. ಬಿತ್ತನೆ ವೇಳೆಗೆ ಹುಡುಕಿದರೆ ಕಾಯಿಕೊರಕದ ವಿಡಿಯೋ ಮೇಲೆ ಬರುತ್ತದೆ. ಹೂ ಉದುರುವಾಗ ಹುಡುಕಿದರೆ ಬೀಜೋಪಚಾರ ತೋರಿಸುತ್ತದೆ. ಜಾಸ್ತಿ ಜನ ನೋಡಿದ್ದು ಮೊದಲು ಬರುತ್ತದೆಯೇ ಹೊರತು ಈ ವಾರ ನಮಗೆ ಬೇಕಾದ್ದು ಬರುವುದಿಲ್ಲ. ಬಿತ್ತಿದ ಮೇಲೆ ಬೀಜೋಪಚಾರದ ವಿಡಿಯೋ ನೋಡಿ ಏನು ಮಾಡುವುದು?

ಅದಕ್ಕೇ ನಾನು ಪ್ಲೇಲಿಸ್ಟ್‌ಗಳನ್ನು ರೋಗ, ಗೊಬ್ಬರ, ತಳಿ ಅಂತ ವಿಷಯದ ಪ್ರಕಾರ ಮಾಡಲಿಲ್ಲ. ಮಳೆಯ ಪ್ರಕಾರ ಮಾಡಿದೆ. ನಮ್ಮ ಕಡೆ ರೈತರು ತಾರೀಖಿಗಿಂತ ಮಳೆ ಲೆಕ್ಕ ಹಿಡಿಯುವುದೇ ಜಾಸ್ತಿ. ಒಂದೊಂದು ಮಳೆಗೆ ಒಂದೊಂದು ನಕ್ಷತ್ರದ ಹೆಸರು: ಜೂನ್ ಮೊದಲ ವಾರ ಕಳೆದರೆ ಮಿರಗ (ಮೃಗಶಿರ), ಅದಾದ ಮೇಲೆ ಆರಿದ್ರ. ಮೊದಲ ಪ್ಲೇಲಿಸ್ಟ್‌ನ ಹೆಸರು "ಮಿರಗ, ಆರಿದ್ರ: ತೊಗರಿ ಬಿತ್ತನೆ". ಇದರಲ್ಲಿ ತಳಿ ಆಯ್ಕೆ, ಬೀಜಕ್ಕೆ ಟ್ರೈಕೋಡರ್ಮಾ (ರೋಗ ತಡೆಯುವ ಉಪಕಾರಿ ಶಿಲೀಂಧ್ರ) ಹಚ್ಚುವುದು, ಸಾಲಿನ ಅಂತರ. ಎರಡನೆಯದು "ಪುಷ್ಯ, ಆಶ್ಲೇಷ: ಎಡೆ, ಕುಡಿ". ಎಡೆ ಅಂದರೆ ಸಾಲಿನ ನಡುವೆ ಕುಂಟೆ ಹೊಡೆಯುವುದು. ಬಿತ್ತಿ 45ರಿಂದ 50 ದಿನಕ್ಕೆ ತೊಗರಿಯ ಕುಡಿ ಚಿವುಟಬೇಕು, ಆಗ ಪಕ್ಕದ ಟೊಂಗೆಗಳು ಚೆನ್ನಾಗಿ ಒಡೆಯುತ್ತವೆ. ಜೂನ್ ಕೊನೆಗೆ ಬಿತ್ತಿದವರಿಗೆ ಆ ಹೊತ್ತು ಸರಿಯಾಗಿ ಆಶ್ಲೇಷ ಮಳೆಗೆ ಬರುತ್ತದೆ. ಹಸ್ತ, ಚಿತ್ತಿ, ಸ್ವಾತಿಗೆ ಹೂವು ಮತ್ತು ಕಾಯಿಕೊರಕ. ಕೊನೆಯದು ರಾಶಿ (ಒಕ್ಕಣೆ) ಮತ್ತು ದಾಸ್ತಾನು, ಎಳ್ಳಮಾವಾಸ್ಯೆ ಆಸುಪಾಸಿನಲ್ಲಿ ಬೇಕಾಗುವಂಥದ್ದು.

ಹೆಸರಲ್ಲಿ ಮಳೆಯನ್ನೇ ಮೊದಲು ಹಾಕಿದ್ದಕ್ಕೆ ಇನ್ನೊಂದು ಕಾರಣವಿದೆ. ಯೂಟ್ಯೂಬ್‌ನಲ್ಲಿ ಪ್ಲೇಲಿಸ್ಟ್ ಹೆಸರಿಗೆ 150 ಅಕ್ಷರ ಬರೆಯಲು ಬಿಡುತ್ತಾರೆ. ಆದರೆ ಸಣ್ಣ ಫೋನಿನಲ್ಲಿ ಕಾಣುವುದು ಮೊದಲ ಕೆಲವು ಪದ ಅಷ್ಟೇ. "ತೊಗರಿ ಬೆಳೆಯಲ್ಲಿ ಸಮಗ್ರ" ಅಂತ ಶುರು ಮಾಡಿದರೆ ಎಲ್ಲ ಪ್ಲೇಲಿಸ್ಟ್‌ಗಳೂ ಒಂದೇ ಥರ ಕಾಣುತ್ತವೆ.

ಪ್ಲೇಲಿಸ್ಟ್ ಮಾಡುವುದು ಸುಲಭ. ವಿಡಿಯೋ ಕೆಳಗೆ ಸೇವ್ ಅಂತ ಇರುತ್ತದೆ, ಒತ್ತಿ ಹೊಸ ಪ್ಲೇಲಿಸ್ಟ್ ಆರಿಸಿ ಹೆಸರು ಕೊಡುವುದು. ಅಲ್ಲೇ ಮೂರು ಆಯ್ಕೆ ಬರುತ್ತವೆ. ಪ್ರೈವೇಟ್ ಅಂದರೆ ನಮಗೊಬ್ಬರಿಗೇ, ಲಿಂಕ್ ಕಳಿಸಿದರೂ ಬೇರೆಯವರಿಗೆ ತೆರೆಯುವುದಿಲ್ಲ. ಅನ್‌ಲಿಸ್ಟೆಡ್ ಅಂದರೆ ಲಿಂಕ್ ಇದ್ದವರಿಗೆ ತೆರೆಯುತ್ತದೆ, ಹುಡುಕಿದರೆ ಸಿಗುವುದಿಲ್ಲ. ಪಬ್ಲಿಕ್ ಎಲ್ಲರಿಗೂ. ನಾನು ಕಟ್ಟುವಾಗ ಪ್ರೈವೇಟ್ ಇಡುತ್ತೇನೆ. ಅನುಭವ ಇರುವ ಇಬ್ಬರು ಮೂವರು ಹಿರಿಯರನ್ನು ಕೂರಿಸಿಕೊಂಡು ನನ್ನ ಫೋನಿನಲ್ಲೇ ತೋರಿಸುತ್ತೇನೆ. ಅವರು "ಇದು ಬ್ಯಾಡ ತಗಿ, ನಮ್ಮ ಭೂಮಿಗಿ ಇದು ಬರಂಗಿಲ್ಲ" ಅಂದದ್ದನ್ನು ತೆಗೆದು, ಆಮೇಲೆ ಅನ್‌ಲಿಸ್ಟೆಡ್ ಮಾಡಿ ಊರವರಿಗೆ ಕೊಡುತ್ತೇನೆ. ಒಂದು ಹಂಗಾಮು ಪೂರ್ತಿ ನಡೆದ ಮೇಲೆಯೇ ಪಬ್ಲಿಕ್.

ನಿಜವಾದ ಕೆಲಸ ಆಯ್ಕೆಯದ್ದು. ಒಂದು ಪ್ಲೇಲಿಸ್ಟ್‌ನಲ್ಲಿ 5000 ವಿಡಿಯೋ ತನಕ ಹಾಕಬಹುದು. ನನ್ನವುಗಳಲ್ಲಿ ಏಳೆಂಟಕ್ಕಿಂತ ಜಾಸ್ತಿ ಇಲ್ಲ. ವಿಡಿಯೋ ಸಿಕ್ಕ ತಕ್ಷಣ ಮೊದಲು ನೋಡುವುದು ಹಾಕಿದ ವರ್ಷ. ಔಷಧಿಗಳ ಶಿಫಾರಸು ಬದಲಾಗುತ್ತಿರುತ್ತದೆ, ಹಳೆಯ ವಿಡಿಯೋದಲ್ಲಿ ಹೇಳಿದ್ದು ಇವತ್ತಿಗೆ ನಡೆಯದೇ ಇರಬಹುದು. ಆಮೇಲೆ ಮಣ್ಣು. ಕೆಂಪು ಮಣ್ಣಲ್ಲಿ ಹನಿ ನೀರಾವರಿ ಹಾಕಿ ಬೆಳೆದವರ ಮಾತು ಮಳೆ ನಂಬಿದ ಎರಿ ಹೊಲಕ್ಕೆ ಹೊಂದುವುದಿಲ್ಲ. ಆಮೇಲೆ ಧ್ವನಿ. ಗಾಳಿ ಸದ್ದಿನಲ್ಲಿ ಮಾತೇ ಕೇಳದ ವಿಡಿಯೋ ಎಷ್ಟು ಒಳ್ಳೆಯದಿದ್ದರೂ ಯಾರೂ ಪೂರ್ತಿ ನೋಡುವುದಿಲ್ಲ. ಭಾಷೆಯ ವಿಷಯದಲ್ಲಿ ನಾನು ಸ್ವಲ್ಪ ಸಡಿಲ. ಸೇಡಂ, ಚಿಂಚೋಳಿ ಕಡೆಯವರಿಗೆ ತೆಲುಗು ತಿಳಿಯುತ್ತದೆ, ಆಳಂದದ ಕಡೆ ಮರಾಠಿ ನಡೆಯುತ್ತದೆ. ಒಳ್ಳೆಯ ತೆಲುಗು ವಿಡಿಯೋ ಇದ್ದರೆ ಹಾಕುತ್ತೇನೆ, ಕನ್ನಡದ್ದು ಸಿಕ್ಕ ದಿನ ಬದಲಿಸುತ್ತೇನೆ. ಒಂದೇ ಸಿಂಪರಣೆಗೆ ಎಕರೆಗೆ ಇಷ್ಟು ಕ್ವಿಂಟಲ್ ಗ್ಯಾರಂಟಿ ಅನ್ನುವ ಯಾವ ವಿಡಿಯೋಕ್ಕೂ ಜಾಗ ಕೊಡುವುದಿಲ್ಲ. ಸಾಲ ಮಾಡಿ ಔಷಧಿ ತರುವವರ ಕೈಗೆ ಅಂಥದ್ದು ಹೋಗಬಾರದು ಅಂತ ನನ್ನ ಹಟ.

ನೆಟೆ ರೋಗದ ವಿಡಿಯೋಗಳನ್ನು ಜೋಡಿಸಿದ ರೀತಿ ಹೇಳುತ್ತೇನೆ. ಎಲ್ಲರೂ ಮೊದಲು ಕೇಳುವುದು "ಯಾವ ಔಷಧಿ ಹೊಡೀಬೇಕು" ಅಂತ. ಆದರೆ ಮೊದಲಿಗೆ ನಾನಿಟ್ಟಿರುವುದು ಗುರುತು ಹಿಡಿಯುವ ಒಂದು ಚಿಕ್ಕ ವಿಡಿಯೋ. ಒಬ್ಬರು ಒಣಗುತ್ತಿರುವ ಗಿಡ ಕಿತ್ತು, ಬುಡದ ಹತ್ತಿರ ಕಾಂಡವನ್ನು ಕುಡುಗೋಲಿನಿಂದ ಉದ್ದಕ್ಕೆ ಸೀಳುತ್ತಾರೆ. ಒಳಗೆ ಕಂದು, ಕಪ್ಪು ಗೆರೆಗಳು ಮೇಲಕ್ಕೆ ಹತ್ತಿರುವುದು ಕಾಣುತ್ತದೆ. ಪಕ್ಕದಲ್ಲಿ ಒಳ್ಳೆಯ ಗಿಡ ಸೀಳಿ ತೋರಿಸುತ್ತಾರೆ, ಅದರ ಒಳಗೆ ಬೆಳ್ಳಗಿರುತ್ತದೆ. ಇಷ್ಟು ನೋಡಿದವರು ತಮ್ಮ ಹೊಲಕ್ಕೆ ಹೋಗಿ ತಾವೇ ಸೀಳಿ ನೋಡುತ್ತಾರೆ. ತೇವ ಕಡಿಮೆಯಾಗಿ ಬಾಡಿದ್ದೋ, ನೆಟೆ ಹತ್ತಿದ್ದೋ ಗೊತ್ತಾಗುತ್ತದೆ. ಅದರ ನಂತರದ್ದು ಕಾರಣ: ಇದು ಮಣ್ಣಿನಲ್ಲಿರುವ ಶಿಲೀಂಧ್ರ, ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ, ಬೇರಿನಿಂದ ಒಳಗೆ ಹೋಗುತ್ತದೆ. ಇದು ತಿಳಿದ ಮೇಲೆ ಗಿಡ ಒಣಗಿದಾಗ ಮೇಲೆ ಔಷಧಿ ಹೊಡೆದು ದುಡ್ಡು ಕಳೆಯುವುದು ಯಾಕೆ ವ್ಯರ್ಥ ಅನ್ನುವುದು ತಾನಾಗಿಯೇ ಅರ್ಥವಾಗುತ್ತದೆ. ಮೂರನೆಯದು ಟ್ರೈಕೋಡರ್ಮಾ ಬೀಜೋಪಚಾರ, ಆಮೇಲೆ ಟಿಎಸ್-3ಆರ್‌ನಂಥ ರೋಗ ತಡೆಯುವ ತಳಿ, ಕೊನೆಗೆ ಜೋಳ ಹಾಕಿ ಬೆಳೆ ಬದಲಿಸುವುದು. ಇದೇ ಐದು ವಿಡಿಯೋಗಳನ್ನು ಹಿಂದುಮುಂದು ಮಾಡಿದರೆ ಈ ಅರಿವು ಬರುವುದಿಲ್ಲ. ಪ್ಲೇಲಿಸ್ಟ್ ಒಳಗೆ ವಿಡಿಯೋ ಪಕ್ಕದ ಗೆರೆಗಳನ್ನು ಹಿಡಿದು ಮೇಲೆ ಕೆಳಗೆ ಎಳೆದರೆ ಸಾಕು, ಕ್ರಮ ಬದಲಾಗುತ್ತದೆ. ಜೋಡಣೆಯನ್ನು ಮ್ಯಾನ್ಯುವಲ್‌ನಲ್ಲಿ ಇಟ್ಟಿರಬೇಕು ಅಷ್ಟೇ.

ಜನ ತುಂಬಾ ಇಷ್ಟಪಟ್ಟದ್ದು ಹೂವಿನ ಹಂತದ ಪ್ಲೇಲಿಸ್ಟ್‌ನ ಒಂದು ವಿಡಿಯೋ. ಸಾಲಿನ ನಡುವೆ ಇಬ್ಬರು ತಾಡಪತ್ರಿ ಹಿಡಿದಿರುತ್ತಾರೆ, ಮತ್ತೊಬ್ಬರು ಗಿಡ ಬಗ್ಗಿಸಿ ಮೆಲ್ಲಗೆ ಅಲುಗಾಡಿಸುತ್ತಾರೆ. ಹಸಿರು ಹುಳುಗಳು ಪಟಪಟ ಉದುರುತ್ತವೆ. ಇದು ನಮ್ಮ ಭಾಗದ ಹಿರಿಯರೇ ಮಾಡುತ್ತಿದ್ದ ಕೆಲಸ. ಕೇಂದ್ರದ ಟಿವಿಯಲ್ಲಿ ಹಾಕಿದಾಗ ವಯಸ್ಸಾದ ಒಬ್ಬ ಕಾಕಾ ಎದ್ದು ನಿಂತು, ಗಿಡ ಹೇಗೆ ಹಿಡಿದರೆ ಹೂ ಉದುರುವುದಿಲ್ಲ ಅಂತ ಕೈಯಲ್ಲೇ ತೋರಿಸಿದರು. ವಿಡಿಯೋದಲ್ಲಿ ಆ ಮಾತು ಇಲ್ಲ. ಅದನ್ನು ನಾನು ಪ್ಲೇಲಿಸ್ಟ್‌ನ ವಿವರಣೆಯಲ್ಲಿ ಬರೆದು ಸೇರಿಸಿದೆ.

ವಿವರಣೆ ಬರೆಯುವ ಜಾಗವನ್ನು ಬಹಳ ಜನ ಖಾಲಿ ಬಿಡುತ್ತಾರೆ. ನಾನು ಅಲ್ಲಿ ಪ್ರತಿ ವಿಡಿಯೋಕ್ಕೆ ಒಂದು ಸಾಲು ಬರೆಯುತ್ತೇನೆ. ಉದ್ದದ ತರಬೇತಿ ವಿಡಿಯೋ ಇದ್ದರೆ ನಮಗೆ ಬೇಕಾದ ಮಾತು ಎಷ್ಟನೇ ನಿಮಿಷದಲ್ಲಿದೆ ಅಂತ ಹಾಕುತ್ತೇನೆ, ಯಾಕೆಂದರೆ ಪ್ಲೇಲಿಸ್ಟ್‌ನಲ್ಲಿ ವಿಡಿಯೋ ಮೊದಲಿನಿಂದಲೇ ಶುರುವಾಗುತ್ತದೆ. ಕೊನೆಗೆ ಕಿಸಾನ್ ಕಾಲ್ ಸೆಂಟರ್ ನಂಬರ್ 1800-180-1551 ಹಾಕಿದ್ದೇನೆ. ಕನ್ನಡದಲ್ಲೇ ಕೇಳಬಹುದು, ಕರೆಗೆ ದುಡ್ಡಿಲ್ಲ. ವಿಡಿಯೋ ನೋಡಿ ಸಂಶಯ ಬಂದವರಿಗೆ ಕೇಳಲು ಒಂದು ದಾರಿ ಬೇಕಲ್ವಾ.

ಹಂಚುವುದಕ್ಕೆ ವಾಟ್ಸ್‌ಆ್ಯಪ್ ಗ್ರೂಪ್ ಇದೆ. ಪ್ಲೇಲಿಸ್ಟ್ ಪುಟದಲ್ಲಿರುವ ಶೇರ್ ಒತ್ತಿಯೇ ಲಿಂಕ್ ತೆಗೆದುಕೊಳ್ಳಬೇಕು. ಒಂದು ವಿಡಿಯೋ ತೆರೆದು ಅಲ್ಲಿಂದ ಶೇರ್ ಮಾಡಿದರೆ ಆ ಒಂದೇ ವಿಡಿಯೋ ಹೋಗಿಬಿಡಬಹುದು. ಲಿಂಕ್‌ನಲ್ಲಿ ಲಿಸ್ಟ್ ಅನ್ನುವ ಇಂಗ್ಲಿಷ್ ಪದ ಇದ್ದರೆ ಪ್ಲೇಲಿಸ್ಟ್ ಹೋಗುತ್ತಿದೆ ಅಂತ ಲೆಕ್ಕ. ಸುಮ್ನೆ ಲಿಂಕ್ ಹಾಕಿದರೆ ಯಾರೂ ಒತ್ತುವುದಿಲ್ಲ. "ಕುಡಿ ಚಿವುಟೋ ಹೊತ್ತು ಬಂತು, ಎರಡನೇ ವಿಡಿಯೋ ನೋಡ್ರಿ" ಅಂತ ಒಂದು ಸಾಲು ಬರೆಯುತ್ತೇನೆ. ಓದಲು ಬಾರದವರಿಗಾಗಿ ಅದನ್ನೇ ವಾಯ್ಸ್ ಮೆಸೇಜ್ ಕಳಿಸುತ್ತೇನೆ. ನನ್ನ ಅನುಭವದಲ್ಲಿ ಜನರನ್ನು ವಿಡಿಯೋ ತನಕ ಕರೆತಂದದ್ದು ಆ ವಾಯ್ಸ್ ಮೆಸೇಜ್‌ಗಳೇ.

ವಿಡಿಯೋವನ್ನೇ ಡೌನ್‌ಲೋಡ್ ಮಾಡಿ ಗ್ರೂಪಿಗೆ ಹಾಕು ಅಂತ ಕೆಲವರು ಕೇಳುತ್ತಾರೆ. ನಾನು ಹಾಕುವುದಿಲ್ಲ. ಫೋನ್ ತುಂಬುತ್ತದೆ ಅನ್ನುವುದು ಒಂದು. ಅದಕ್ಕಿಂತ ಮುಖ್ಯವಾಗಿ, ಕತ್ತರಿಸಿ ಫಾರ್ವರ್ಡ್ ಆದ ತುಣುಕಿನಲ್ಲಿ ಯಾರು ಹೇಳಿದ್ದು, ಯಾವ ವರ್ಷದ್ದು ಅನ್ನುವುದೇ ಇರುವುದಿಲ್ಲ. ಪ್ಲೇಲಿಸ್ಟ್ ಮೂಲಕ ನೋಡಿದರೆ ಮಾಡಿದವರ ಚಾನೆಲ್ ಹೆಸರು ಜೊತೆಗೇ ಇರುತ್ತದೆ, ನೋಡಿದ ಲೆಕ್ಕವೂ ಅವರಿಗೇ ಸೇರುತ್ತದೆ. ಬಿಸಿಲಲ್ಲಿ ನಿಂತು ವಿಡಿಯೋ ಮಾಡಿದ ರೈತನಿಗೆ ಅಷ್ಟಾದರೂ ಸಲ್ಲಬೇಕು. ಮತ್ತೆ ಒಂದು ಸಲ ಕೊಟ್ಟ ಲಿಂಕ್ ಬದಲಾಗುವುದಿಲ್ಲ. ಒಳಗೆ ನಾನು ಎಷ್ಟು ಸಲ ತೆಗೆದು ಹಾಕಿದರೂ ಅದೇ ಲಿಂಕ್ ಹೊಸದನ್ನು ತೋರಿಸುತ್ತದೆ. ಇದನ್ನೇ ನಂಬಿ ಕ್ಯೂಆರ್ ಕೋಡ್ ಮಾಡಿ ಪ್ರಿಂಟ್ ಹಾಕಿಸಿ ಕೇಂದ್ರದ ಬಾಗಿಲಿಗೂ ಬೀಜ ತರಲು ಹೋಗುವ ರೈತ ಸಂಪರ್ಕ ಕೇಂದ್ರದ ಗೋಡೆಗೂ ಅಂಟಿಸಿದ್ದೇವೆ.

ಊರಿನ ಇಬ್ಬರು ಯುವ ರೈತರಿಗೆ ಪ್ಲೇಲಿಸ್ಟ್‌ಗೆ ವಿಡಿಯೋ ಸೇರಿಸುವ ಅವಕಾಶ ಕೊಟ್ಟಿದ್ದೇನೆ. ಪ್ಲೇಲಿಸ್ಟ್‌ನ ಮೂರು ಚುಕ್ಕೆ ಒತ್ತಿದರೆ ಕೊಲ್ಯಾಬರೇಟ್ ಅಂತ ಬರುತ್ತದೆ, ಅಲ್ಲಿಂದ ಬೇರೆ ಲಿಂಕ್ ಸಿಗುತ್ತದೆ. ಅವರು ಸೇರಿದ ಕೂಡಲೇ ಹೊಸಬರು ಸೇರುವ ಬಟನ್ ಆಫ್ ಮಾಡಬೇಕು. ಆ ಲಿಂಕ್ ಯಾರ ಕೈಗಾದರೂ ಹೋದರೆ ಅವರೂ ವಿಡಿಯೋ ಸೇರಿಸಬಹುದು.

ಪ್ರತಿ ಮೇ ಕೊನೆಗೆ ಎಲ್ಲ ಪ್ಲೇಲಿಸ್ಟ್ ಒಂದು ಸಲ ತಿರುವಿ ಹಾಕುತ್ತೇನೆ. ವಿಡಿಯೋ ಹಾಕಿದವರು ತೆಗೆದುಬಿಟ್ಟಿರುತ್ತಾರೆ, ಇಲ್ಲವೇ ಪ್ರೈವೇಟ್ ಮಾಡಿರುತ್ತಾರೆ. ಅಂಥವು ಪಟ್ಟಿಯಲ್ಲಿ ಕಾಣದಂತೆ ಅಡಗಿಬಿಡುತ್ತವೆ. ಮೆನುವಿನಲ್ಲಿ ಲಭ್ಯವಿಲ್ಲದ ವಿಡಿಯೋ ತೋರಿಸು ಅಂತ ಕೇಳಿದರೂ ಹೆಸರು ಸಿಗುವುದಿಲ್ಲ. ಆದ್ದರಿಂದ ಒಂದು ನೋಟ್‌ಬುಕ್‌ನಲ್ಲಿ ವಿಡಿಯೋ ಹೆಸರು, ಚಾನೆಲ್, ವರ್ಷ, ಯಾವ ಪ್ಲೇಲಿಸ್ಟ್‌ನಲ್ಲಿ ಎಷ್ಟನೆಯದು ಅಂತ ಬರೆದಿಟ್ಟಿದ್ದೇನೆ. ಹೋದದ್ದು ಯಾವುದು ಅಂತ ಗೊತ್ತಾದರೆ ಅದರ ಜಾಗಕ್ಕೆ ಇನ್ನೊಂದು ಹುಡುಕಬಹುದು.

ದಾಸ್ತಾನಿನ ಪ್ಲೇಲಿಸ್ಟ್ ಬೆಳೆದದ್ದು ಹೆಣ್ಣುಮಕ್ಕಳಿಂದ. ಮೊದಲು ಅದರಲ್ಲಿ ಒಣಗಿಸುವುದು, ಚೀಲ ತುಂಬುವುದು ಇಷ್ಟೇ ಇತ್ತು. ಸ್ವಸಹಾಯ ಸಂಘದ ಅಕ್ಕಂದಿರು ನೋಡಿ, "ನುಸಿ ಹತ್ತಲಾರದಂಗ ಇಡೋದು ತೋರ್ಸು, ಬ್ಯಾಳಿ ಒಡಸೋದು ತೋರ್ಸು" ಅಂದರು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಅದರ ಬಗ್ಗೆ ತಿಳಿಸುವ ಒಂದು ವಿಡಿಯೋವನ್ನೂ ಅವರೇ ಕೇಳಿ ಹಾಕಿಸಿದರು. ಮನೆಯಲ್ಲೇ ಬೇಳೆ ಮಾಡಿ ಪಾಕೀಟು ಕಟ್ಟಿ ಮಾರುವ ಯೋಚನೆ ಅವರದ್ದು.

ಈಗ ಹಿಂಗಾರಿನ ಕಡಲೆಗೆ ಇದೇ ಥರ ಕಟ್ಟುತ್ತಿದ್ದೇನೆ. ತೊಗರಿಯಲ್ಲಿ ಇನ್ನೂ ಒಂದು ಜಾಗ ಖಾಲಿ ಇದೆ: ಗಿಡ ಅಲುಗಾಡಿಸುವಾಗ ಹೂ ಉಳಿಸಿಕೊಳ್ಳುವ ಆ ಕೈಚಳಕ ತೋರಿಸುವ ವಿಡಿಯೋ ಎಲ್ಲೂ ಸಿಕ್ಕಿಲ್ಲ. ಕಾಕಾ ಒಪ್ಪಿದ್ದಾರೆ. ಚಿತ್ತಿ ಮಳೆ ಹೊತ್ತಿಗೆ ಅವರ ಹೊಲದಲ್ಲೇ, ಬೆಳಿಗ್ಗೆ ಗಾಳಿ ಏಳುವ ಮುಂಚೆ ಚಿತ್ರೀಕರಣ ಮಾಡುತ್ತೇವೆ.