ಕಾಕಂಬಿ ತಿನ್ನಿಸಿ ಪ್ಲಾಸ್ಟಿಕ್ ತೆಗೆದೆ

ಚನ್ನರಾಯಪಟ್ಟಣದ ಕಡೆಯ ನಮ್ಮೂರಲ್ಲಿ ಕಾಕಂಬಿ ಅಂದರೆ ದನದ ಮೇವಿಗೆ ಬೆರೆಸುವ ಕಪ್ಪು ಪಾಕ, ಅಷ್ಟೇ. ಕಾರ್ಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಈ ಪಾಕದಲ್ಲಿ ಇನ್ನೂ ಅರ್ಧದಷ್ಟು ಸಕ್ಕರೆಯೇ ಇರುತ್ತದೆ. ಎಂಎಸ್ಸಿ ಪ್ರಾಜೆಕ್ಟಿಗೆ ಹಾಸನದ ಲ್ಯಾಬಿನಲ್ಲಿ ಇದನ್ನೇ ಬ್ಯಾಕ್ಟೀರಿಯಾಗೆ ಉಣಿಸಿ ಪಿಎಚ್‌ಬಿ, ಅಂದರೆ ಪಾಲಿಹೈಡ್ರಾಕ್ಸಿಬ್ಯುಟಿರೇಟ್, ಮಾಡಿಸಲು ಹೊರಟೆ. ನಮ್ಮ ಮೈಯಲ್ಲಿ ಕೊಬ್ಬು ಸೇರುವ ಹಾಗೆ ಕೆಲವು ಬ್ಯಾಕ್ಟೀರಿಯಾಗಳು ಒಳಗೆ ಪಿಎಚ್‌ಬಿ ಕೂಡಿಟ್ಟುಕೊಳ್ಳುತ್ತವೆ. ಹೊರತೆಗೆದರೆ ಅದೇ ಪ್ಲಾಸ್ಟಿಕ್, ಮಣ್ಣಲ್ಲಿ ಕೊಳೆಯುವಂಥದ್ದು. 1926ರಲ್ಲೇ ಫ್ರಾನ್ಸಿನ ಮೊರೀಸ್ ಲೆಮ್ವಾನ್ ಇದನ್ನು ಬ್ಯಾಸಿಲಸ್ ಮೆಗಾಟೀರಿಯಂನಲ್ಲಿ ಕಂಡಿದ್ದರು, ಅಂದರೆ ಹೊಸದೇನಲ್ಲ.

ಬ್ಯಾಕ್ಟೀರಿಯಾ ಕೊಳ್ಳಲಿಲ್ಲ. ನಮ್ಮ ಕಬ್ಬಿನ ಗದ್ದೆಯ ಮಣ್ಣನ್ನು ನೀರಲ್ಲಿ ಕದಡಿ 80 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟೆ. ಬೇರೆಯವು ಸಾಯುತ್ತವೆ, ಸ್ಪೋರ್, ಅಂದರೆ ಬಿಸಿ ತಡೆಯುವ ಗಟ್ಟಿ ಚಿಪ್ಪು, ಕಟ್ಟುವ ಬ್ಯಾಸಿಲಸ್‌ಗಳು ಉಳಿಯುತ್ತವೆ. ಸುಡಾನ್ ಬ್ಲ್ಯಾಕ್ ಬಣ್ಣ ಹಾಕಿ ನೋಡಿದರೆ ಕೆಲವದರ ಹೊಟ್ಟೆಯಲ್ಲಿ ಕಪ್ಪು ಚುಕ್ಕೆ. ಅದೇ ಪಿಎಚ್‌ಬಿ. ಉಳಿದ ಭಾಗ ಇನ್ನೊಂದು ಬಣ್ಣಕ್ಕೆ ಗುಲಾಬಿಯಾಗಿ ಕಾಣುತ್ತದೆ.

ಕಾಕಂಬಿಯನ್ನು ತೆಳುಮಾಡಿ, ಗಷ್ಟು ಸೋಸಿ, ಆಟೋಕ್ಲೇವಿನಲ್ಲಿ, ಅಂದರೆ ಒತ್ತಡದ ಹಬೆಯಲ್ಲಿ, ಕ್ರಿಮಿ ಸಾಯಿಸಿ, ಚೆನ್ನಾಗಿ ಬೆಳೆಯಲಿ ಅಂತ ಯೀಸ್ಟ್ ಎಕ್ಸ್‌ಟ್ರಾಕ್ಟ್ ಕೂಡ ಧಾರಾಳವಾಗಿ ಹಾಕಿದೆ. ಎರಡೇ ದಿನಕ್ಕೆ ಫ್ಲಾಸ್ಕ್ ತುಂಬಾ ದಟ್ಟ ಬೆಳವಣಿಗೆ, ನಾನು ಖುಷಿಯಲ್ಲಿ ಸ್ಲೈಡ್ ಮಾಡಿ ನೋಡಿದರೆ ಎಲ್ಲಾ ಬರೀ ಗುಲಾಬಿ, ಕಪ್ಪು ಚುಕ್ಕೆ ಹುಡುಕಬೇಕು! ಮೂರು ಸಲ ಹೀಗೇ ಆಯಿತು. ಭಾನುವಾರ ಮನೆಯಲ್ಲಿ ಇದನ್ನೇ ಗೊಣಗುತ್ತಿದ್ದಾಗ ಅಪ್ಪ, "ಯೂರಿಯಾ ಸುರಿದ ಗದ್ದೆ ಹಂಗೇ ಕಣಮ್ಮ, ಗರಿ ಹಚ್ಚಗಿರುತ್ತೆ, ಕಾಳೆಲ್ಲಾ ಜೊಳ್ಳು" ಅಂದರು. ಪುಸ್ತಕದಲ್ಲಿ ಇದ್ದದ್ದೂ ಅದೇ, ನಾನೇ ಸರಿಯಾಗಿ ಓದಿರಲಿಲ್ಲ. ಸಕ್ಕರೆ ಜಾಸ್ತಿ ಇದ್ದು ಸಾರಜನಕ ಸಾಲದೇ ಹೋದಾಗ ಬ್ಯಾಕ್ಟೀರಿಯಾ ಮರಿ ಹಾಕುವುದು ಬಿಟ್ಟು ಪಿಎಚ್‌ಬಿ ಕೂಡಿಡಲು ಶುರುಮಾಡುತ್ತದೆ. ಕಾಕಂಬಿಯಲ್ಲೇ ಒಂದಷ್ಟು ಸಾರಜನಕ ಇರುವಾಗ ನಾನು ಮೇಲಿಂದ ಸಾರಜನಕ ತುಂಬಿದ ಯೀಸ್ಟ್ ಸಾರ ಬೇರೆ ಸುರಿದಿದ್ದೆ. ಅದನ್ನು ಪೂರ್ತಿ ಬಿಟ್ಟು, ಸಾರಜನಕಕ್ಕೆ ಅಮೋನಿಯಂ ಸಲ್ಫೇಟ್ ಚಿಟಿಕೆಯಷ್ಟು ಹಾಕಿದ ಮೇಲೆ ಸ್ಲೈಡ್ ತುಂಬಾ ಕಪ್ಪು ಚುಕ್ಕೆ.

ಆಮೇಲಿನದು ಅಡುಗೆ ಕೆಲಸದ ಹಾಗೆ. ಸೋಡಿಯಂ ಹೈಪೋಕ್ಲೋರೈಟಿನಲ್ಲಿ, ಅಂದರೆ ಬ್ಲೀಚಿನಲ್ಲಿ, ಜೀವಕೋಶ ಕರಗಿಸಿ, ತೊಳೆದು, ಬಿಸಿ ಕ್ಲೋರೋಫಾರ್ಮಿಗೆ ಹಾಕಬೇಕು, ಪಿಎಚ್‌ಬಿ ಅದರಲ್ಲಿ ಕರಗುತ್ತದೆ. ಫ್ಯೂಮ್ ಹುಡ್, ಅಂದರೆ ಆವಿಯನ್ನು ಹೊರಗೆ ಎಳೆಯುವ ಗೂಡು, ಇಲ್ಲದಿದ್ದರೆ ಇದಕ್ಕೆ ಕೈ ಹಾಕಬೇಡಿ. ನಾನು ಆ ದ್ರಾವಣವನ್ನು ಆರಲಿ ಅಂತ ಸುಮ್ನೆ ಕೈಗೆ ಸಿಕ್ಕ ಪೆಟ್ರಿ ತಟ್ಟೆಗೆ ಸುರಿದುಬಿಟ್ಟೆ. ತಟ್ಟೆ ಪಾಲಿಸ್ಟೈರೀನಿನದು, ಕ್ಲೋರೋಫಾರ್ಮಿಗೆ ತಟ್ಟೆಯೇ ಕರಗಿತು! ಎರಡು ವಾರದ ದುಡಿಮೆ ಹೋಯಿತು. ಗಾಜಿನ ತಟ್ಟೆಯೇ ಬೇಕು.

ಕೊನೆಗೆ ಉಗುರಗಲದ ಬಿಳಿ ಹಾಳೆ ಸಿಕ್ಕಿತು. ಬಗ್ಗಿಸಿದರೆ ಹಪ್ಪಳದ ಹಾಗೆ ಮುರಿಯುತ್ತದೆ, ಪಿಎಚ್‌ಬಿ ಸ್ವಭಾವವೇ ಹಾಗೆ. ಲೀಟರಿಗೆ ಒಂದು ಗ್ರಾಂ ಕೂಡ ಬರಲಿಲ್ಲ. ಕಾಕಂಬಿ ಏನೋ ಅಗ್ಗ, ಖರ್ಚೆಲ್ಲಾ ಕ್ಲೋರೋಫಾರ್ಮಿನದೇ. ಅದಕ್ಕೇ ಈಗ ಬರೀ ಬ್ಲೀಚಿನಲ್ಲೇ ಮುಗಿಸಲು ನೋಡುತ್ತಿದ್ದೇನೆ, ಆದರೆ ಹೊತ್ತು ಜಾಸ್ತಿಯಾದರೆ ಬ್ಲೀಚು ಪ್ಲಾಸ್ಟಿಕ್ಕಿನ ಅಣುಗಳ ಸರಪಳಿಯನ್ನೂ ತುಂಡು ಮಾಡುತ್ತದೆ.