ಒಂದೇ ತೊಟ್ಟಿಯಲ್ಲಿ ಎರಡು ಜಾತಿಯ ಪಿಸ್ತೂಲ್ ಸೀಗಡಿ

ತೀರ್ಥಹಳ್ಳಿಯ ನಮ್ಮ ಮನೆಯ ಉಪ್ಪುನೀರಿನ ತೊಟ್ಟಿ ಎರಡಡಿ ಉದ್ದದ್ದು. ಪಿಸ್ತೂಲ್ ಸೀಗಡಿ ಎಂದರೆ ಕೊಂಡಿಯನ್ನು ಪಟ್ಟನೆ ಮುಚ್ಚಿ ಸಿಡಿಸುವ ಸೀಗಡಿ. ತೊಟ್ಟಿಯಲ್ಲಿ ಟೈಗರ್ ಪಿಸ್ತೂಲ್ ಸೀಗಡಿಯ ಜೊತೆ ಅದಕ್ಕಿಂತ ಚಿಕ್ಕದಾದ ರ‍್ಯಾಂಡಲ್ ಸೀಗಡಿಯೂ ಇದೆ.

ಬಂಡೆಗಳನ್ನು ಗಾಜಿನ ತಳದ ಮೇಲೆಯೇ ಭದ್ರವಾಗಿ ಕೂರಿಸಿ, ಆಮೇಲೆ ಮರಳು ಸುರಿಯಿರಿ. ಈ ಸೀಗಡಿಗಳು ಬಿಡದೆ ಸುರಂಗ ತೋಡುತ್ತವೆ. ಮರಳಿನ ಮೇಲಿಟ್ಟ ಬಂಡೆ ಕುಸಿದು ಸೀಗಡಿಯನ್ನೇ ಜಜ್ಜೀತು. ಇದರಲ್ಲಿ ರಾಜಿ ಬೇಡವೇ ಬೇಡ. ಮರಳಿನಲ್ಲಿ ಹವಳದ ಚೂರುಗಳೂ ಇರಲಿ, ಸುರಂಗದ ಚಾವಣಿಗೆ ಅವೇ ಆಧಾರ.

ಚಿಕ್ಕದನ್ನು ಮೊದಲು ಬಿಡಿ. ಅದು ನೆಲೆಯೂರಿದ ಮೇಲೆ ದೊಡ್ಡದನ್ನು ಎದುರು ಮೂಲೆಗೆ ಬಿಡಿ. ಒಂದೊಂದಕ್ಕೂ ಅದರದೇ ಗೋಬಿ ಮೀನು ಜೊತೆಗಿರಲಿ. ದೃಷ್ಟಿ ಮಂದವಾದ ಸೀಗಡಿಗೆ ಗೋಬಿಯೇ ಕಾವಲು. ಆಹಾರವನ್ನು ಕೊಳವೆಯಿಂದ ಎರಡೂ ಬಿಲಗಳ ಬಾಯಿಗೇ ತಲುಪಿಸಿ. ಜಗಳ ಕಂಡರೆ ತಡಮಾಡದೆ ಒಂದನ್ನು ಬೇರೆ ತೊಟ್ಟಿಗೆ ಸಾಗಿಸಿ.

ಆಷಾಢದ ಮಳೆಯಲ್ಲಿ ಇಲ್ಲಿ ಕರೆಂಟ್ ಹೋದರೆ ಬೇಗ ಬರುವುದಿಲ್ಲ. ಬ್ಯಾಟರಿಯ ಏರ್ ಪಂಪ್ ಕೈಗೆಟಕುವಂತಿರಲಿ.