ಬೆದರುವ ಕುದುರೆಯನ್ನು ಗಾಡಿಯಲ್ಲಿ ಒಯ್ಯುವವರಿಗೆ

ಬೆದರುವ ಕುದುರೆಯನ್ನು ಗಾಡಿಗೆ ಹತ್ತಿಸಿದ ಮೇಲೆ ಮುಖ ಹಿಂಬಾಗಿಲ ಕಡೆಗೆ ಮಾಡಿ ನಿಲ್ಲಿಸಿ. ಹಗ್ಗ ಮೂತಿ ಎದೆಮಟ್ಟಕ್ಕೆ ಇಳಿಯುವಷ್ಟು ಸಡಿಲ ಇರಲಿ, ಮುಂಗಾಲು ಸಿಕ್ಕಿಕೊಳ್ಳುವಷ್ಟು ಉದ್ದ ಬೇಡ. ಗಂಟು ಒಂದು ತುದಿ ಎಳೆದರೆ ಬಿಚ್ಚುವಂಥದ್ದೇ ಆಗಬೇಕು. ಹೀಗೆ ನಿಂತರೆ ಬ್ರೇಕ್ ಹಾಕಿದಾಗ ಭಾರ ತಲೆ, ಎದೆಯ ಮೇಲೆ ಬರಲ್ಲ, ಗಟ್ಟಿಯಾದ ಹಿಂಭಾಗ ಅದನ್ನು ತಡೆದುಕೊಳ್ಳುತ್ತದೆ. ತಲೆ ತಗ್ಗಿಸಲು ಬಂದರೆ ಮೂಗಿಗೆ ಹೋದ ಧೂಳನ್ನು ಕೆಮ್ಮಿ ಹೊರಹಾಕುತ್ತದೆ. ಗಂಟೆಗಟ್ಟಲೆ ತಲೆ ಎತ್ತಿ ಕಟ್ಟಿದ ಕುದುರೆಗೆ ನ್ಯುಮೋನಿಯಾ ಹಿಡಿಯುವ ಅಪಾಯ ಜಾಸ್ತಿ. ಗಂಗಾವತಿ ಕಡೆ ಭತ್ತದ ಹುಲ್ಲು ಬೇಕಾದಷ್ಟು ಸಿಗುತ್ತದೆ ಅಂತ ತಗಡಿನ ಮೇಲೆ ಸುಮ್ನೆ ಅದನ್ನಷ್ಟೇ ಹಾಸಬೇಡಿ, ಉಚ್ಚೆ ಬಿದ್ದ ಕೂಡಲೇ ಗೊರಸು ಜಾರುತ್ತದೆ. ಕೆಳಗೆ ನಾಲ್ಕು ಬೆರಳು ಮರಳು, ಮೇಲೆ ನೀರು ಚಿಮುಕಿಸಿದ ಹುಲ್ಲು. ಸಣ್ಣ ಪಿಕಪ್‌ನಲ್ಲಿ ತಿರುಗಿಸಲು ಜಾಗ ಇರಲ್ಲ. ಬಲವಂತ ಮಾಡದೆ ಓರೆಯಾಗಿ ನಿಲ್ಲಿಸಿ. ಹಿಂಬಾಗಿಲು ಕುದುರೆಯ ಎದೆಗಿಂತ ತಗ್ಗಿದ್ದರೆ ಈ ಉಪಾಯ ಬೇಡವೇ ಬೇಡ, ಹೊರಗೆ ಹಾರಿಬಿಡುತ್ತದೆ. ಕೆಲವಕ್ಕೆ ಹಿಂದೆ ಬರುವ ಲಾರಿ ಲೈಟ್ ಕಂಡರೇ ಗಾಬರಿ, ಅಂಥವಕ್ಕೆ ಬಾಗಿಲಿನ ಮೇಲ್ಗಡೆ ಗಾಳಿಗೆ ಸ್ವಲ್ಪ ಸಂದು ಬಿಟ್ಟು ಗೋಣಿತಟ್ಟು ಕಟ್ಟಿ. ಡಾಕ್ಟರನ್ನು ಕೇಳದೆ ಮತ್ತಿನ ಇಂಜೆಕ್ಷನ್ ಮಾತ್ರ ಕೊಡಿಸಬೇಡಿ. ಮತ್ತಿನಲ್ಲಿರುವ ಕುದುರೆ ನೋಡಲು ಶಾಂತ, ಆದ್ರೆ ತಿರುವಿನಲ್ಲಿ ಆಯ ತಪ್ಪಿ ಬೀಳುತ್ತದೆ. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ ಅಲ್ವಾ, ಆ ದಿನಗಳಲ್ಲಿ ನಸುಕಿನಲ್ಲೇ ಹೊರಡಿ.